ಇಲ್ಲದ ಪಾದ ನೋಡುವ ಹೊತ್ತು

ಕಾಗಿಣಾ ದಂಡೆ, ನವೆಂಬರ್ ಮೂವತ್ತೊಂದು, 2187

ಹಿಂದಿನವರೇ,

ನಿಮ್ಮ ಲೆಕ್ಕದಲ್ಲಿ ಈ ತಾರೀಖು ಇಲ್ಲ. ನಾವು ಕೆಲವು ತಿಂಗಳುಗಳನ್ನು ಹಿಗ್ಗಿಸಿಕೊಂಡಿದ್ದೇವೆ. ಅದರ ಕಥೆ ದೊಡ್ಡದು, ನನಗೆ ಸಮಯ ಕಡಿಮೆ. ನನ್ನ ಮಾತು ನಿಮಗೆ ಒರಟಾಗಿ ಕೇಳಬಹುದು. ನಾನು ಓದಲು ಕಲಿತದ್ದು ಗಣಿ ಚಳವಳಿಯ ಕರಪತ್ರಗಳಿಂದ. ಬೈಯುವ ಭಾಷೆ ಬೇಗ ಬರುತ್ತದೆ, ಉಳಿದದ್ದಕ್ಕೆ ಕ್ಷಮೆ ಇರಲಿ. ಹಿಂದಕ್ಕೆ ಹೋಗುವ ಅಂಚೆ ನಮ್ಮಲ್ಲೂ ಇಲ್ಲ. ಆದರೆ ನಾನು ಹಾಸುಗಲ್ಲಿನ ಗಣಿಯವಳು. ಕಲ್ಲಿನಲ್ಲಿ ಕೆಳಗಿನ ಪದರ ಯಾವಾಗಲೂ ಹಳೆಯದು. ಈ ಕಾಗದವನ್ನು ಎಲ್ಲಕ್ಕಿಂತ ಕೆಳಗಿನ ಸಂದಿಯಲ್ಲಿ ತುರುಕುತ್ತೇನೆ. ನಿಮಗೆ ಹತ್ತಿರವಾದ ಜಾಗ ನನಗೆ ಅದೊಂದೇ ಗೊತ್ತು.

ಇಲ್ಲಿ ಗಣಿಗೆ ಇಳಿಯುವ ಪ್ರತಿಯೊಬ್ಬರ ಮೈಯಲ್ಲೂ ಒಂದು ಬೇಳೆ ಇರುತ್ತದೆ. ತೊಗರಿ ಬೇಳೆಯಷ್ಟೇ ಗಾತ್ರದ ಯಂತ್ರವಾದ್ದರಿಂದ ಆ ಹೆಸರು. ಮೊಣಕಾಲ ಹಿಂದೆಯೋ ಭುಜದ ಕೆಳಗೋ ನರದ ಪಕ್ಕದಲ್ಲಿಟ್ಟು ಹೊಲಿಯುತ್ತಾರೆ. ಅದು ನರಕ್ಕೆ ಸಣ್ಣಗೆ ವಿದ್ಯುತ್ತು ಬಿಡುತ್ತದೆ. ನೋವಿದ್ದ ಜಾಗ ಬರೀ ಜುಮ್ಮೆನ್ನುತ್ತದೆ. ನಿಮ್ಮ ಕಾಲದಲ್ಲಿ ಇದನ್ನು ವರ್ಷಗಟ್ಟಲೆ ಕೈಕಾಲು ನೋವಿನಿಂದ ನರಳಿದವರಿಗಾಗಿ ಮಾಡಿದರಂತೆ, ಅದನ್ನು ಏರಿಸಿ ಇಳಿಸುವ ಪುಟ್ಟ ಡಬ್ಬಿಯನ್ನು ರೋಗಿಯ ಕೈಗೇ ಕೊಡುತ್ತಿದ್ದರಂತೆ. ಕರಪತ್ರದಲ್ಲಿ ಆ ಚಿತ್ರ ನೋಡಿ ನಾನು ನಂಬಲಿಲ್ಲ. ನಮ್ಮೆಲ್ಲರ ಡಬ್ಬಿ ಮುಕಾದಮ ರೇವಣಪ್ಪನ ಸೊಂಟದಲ್ಲಿದೆ. ಕಂಪನಿಯ ಪರವಾಗಿ ನಮ್ಮನ್ನು ದುಡಿಸುವವನು ಅವನೇ.

ದಿನಾ ಸಂಜೆ ಸೈರನ್ ಕೂಗುತ್ತದೆ, ಕಾಲು ಗಂಟೆ ಎಲ್ಲರ ಬೇಳೆಯೂ ನಿಲ್ಲುತ್ತದೆ. ಇದಕ್ಕೆ ಉರಿಗಳಿಗೆ, ಅಂದರೆ ಉರಿಯ ಗಳಿಗೆ, ಎನ್ನುತ್ತೇವೆ. ನೋವಿಲ್ಲದ ಕಾಲಿಗೆ ಪೆಟ್ಟು ಬಿದ್ದದ್ದು ತಿಳಿಯುವುದಿಲ್ಲ, ಅದಕ್ಕಾಗಿ ಈ ಏರ್ಪಾಡು. ಕಾದ ಕಲ್ಲಿನ ಮೇಲೆ ಹಗಲು ರಾತ್ರಿ ಬೂಟಿನಲ್ಲೇ ಇರುವ ನಾವು ಅದನ್ನು ಬಿಚ್ಚುವುದು ಆಗ ಮಾತ್ರ. ಮನೆಯವರು ಎದುರುಬದುರು ಕೂತು, ಬೆರಳು ಬೆರಳು ಬಿಡಿಸಿ, ಒಬ್ಬರ ಕೈಕಾಲು ಒಬ್ಬರು ನೋಡುತ್ತಾರೆ. ನಮ್ಮಲ್ಲಿ ಹೆಣ್ಣು ಕೊಡುವಾಗ ಹುಡುಗನಿಗೆ ನೋಡುವ ಕೈ ಇದೆಯೇ ಎಂದು ಮೊದಲು ಕೇಳುತ್ತಾರೆ. ನಾನು ನೋಡಬೇಕಾದವಳು ನನ್ನ ಚಿಗವ್ವ ಸಾಬವ್ವ. ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು. ಕಲ್ಲು ಸೀಳಿ ಸೀಳಿ ಹದಿನೈದು ವರ್ಷ ಎಡಗಾಲು ಎಳೆದವಳು, ಬೇಳೆ ಹಾಕಿಸಿದ ದಿನ ಅಂಗಳದಲ್ಲಿ ಕುಣಿದಿದ್ದಳು.

ಆ ಕಾಲು ಗಂಟೆಯಲ್ಲಿ ರೇವಣಪ್ಪ ಸಾಲುಗಳ ನಡುವೆ ಕಿವಿಗೊಟ್ಟು ತಿರುಗುತ್ತಾನೆ. ಮೂರು ಸಂಜೆ ನರಳಿದವರನ್ನು ಇನ್ನು ಕಲ್ಲು ಸೀಳಲಾರರೆಂದು ಗಣಿಯ ತಳದ ಕೆಸರುಗುಂಡಿಗೆ ಇಳಿಸುತ್ತಾರೆ. ಅಲ್ಲಿಂದ ಮೇಲೆ ಬಂದವರು ಕಡಿಮೆ. ಹಾಗಾಗಿ ಸೆರಗು ಕಚ್ಚಿಕೊಂಡು ಕೂರುತ್ತೇವೆ. ಒಂದು ಕರಪತ್ರದಲ್ಲಿ, ನೋವು ಮಾಲೀಕನ ಗೂಢಚಾರ ಎಂದು ಓದಿದೆ. ನಿದ್ದೆ ಬರಲಿಲ್ಲ. ಬೇಳೆಯ ಮೇಲೆ ತಾಮ್ರದ ತಗಡು ಬಿಗಿದರೆ ನಿಲ್ಲಿಸುವ ಸಂಕೇತ ಒಳಗೆ ಹೋಗುವುದಿಲ್ಲವೆಂದು ಕಂಡುಹಿಡಿದವಳು ನಾನೇ. ನಲವತ್ತೊಂದು ಹೆಂಗಸರಿಗೆ ಕತ್ತರಿಸಿ ಕೊಟ್ಟೆ.

ಮೊದಲ ಸಂಜೆ ಸೈರನ್ ಕೂಗಿದಾಗ ಎಲ್ಲರೂ ಎಲೆಅಡಿಕೆ ಹಾಕಿಕೊಂಡು ಹರಟುತ್ತ ಕೂತೆವು. ರೇವಣಪ್ಪ ಎರಡು ಸುತ್ತು ತಿರುಗಿ, ಡಬ್ಬಿಯನ್ನು ತಟ್ಟಿ ತಟ್ಟಿ ನೋಡಿದ.

“ಪಾಪ, ಮುಕಾದಮಗೊಂದು ಬೇಳಿ ಹಾಕ್ರೆವ್ವಾ” ಎಂದಳು ಚಿಗವ್ವ. “ಭಾಳ ನೋವು ತಿನ್ಲತ್ತಾನ.”

ಸಾಲಿಗೆ ಸಾಲೇ ನಕ್ಕಿತು. ಒಂಬತ್ತು ಸಂಜೆ ಗೆದ್ದೆವು. ನೋವೇ ಇಲ್ಲದ ಮೇಲೆ ನೋಡುವುದೇನು ಎಂದು ಯಾರೂ ಬೂಟು ಬಿಚ್ಚಲಿಲ್ಲ. ಆ ಹೊತ್ತಿನಲ್ಲಿ ನಾನು ಕರಪತ್ರ ಓದಿ ಹೇಳುತ್ತಿದ್ದೆ. ಚಿಗವ್ವ ನಾಲ್ಕನೆಯ ಸಂಜೆ ರೂಢಿಯಂತೆ ಕಾಲು ಮುಂದೆ ಚಾಚಿದಳು. ನಾನು ಪುಟ ತಿರುಗಿಸಿದೆ. ಹತ್ತನೆಯ ದಿನ ವಾಸನೆ ಬಂತು. ಬೆರಳುದ್ದದ ಕಲ್ಲಿನ ಚೂರು ಬೂಟು ಸೀಳಿ ಅಂಗಾಲಿನೊಳಗೆ ಕೂತಿತ್ತು. ಪಾದ ಕಪ್ಪಗಾಗಿತ್ತು. ಡಾಕ್ಟರು ಮೊಣಕಾಲಿನ ಮೇಲಿನಿಂದಲೇ ಕಾಲು ಕತ್ತರಿಸಿದರು. ಆಗ ಮೊಣಕಾಲ ಹಿಂದಿನ ತಗಡು ಸಿಕ್ಕಿಬಿತ್ತು. ಉಳಿದವರೆಲ್ಲ ಅದೇ ದಿನ ತಮ್ಮ ತಗಡುಗಳನ್ನು ಹೊಳೆಗೆ ಎಸೆದರು.

ಈಗ ಕೇಳಿ. ಕತ್ತರಿಸಿ ಎಸೆದ ಕಾಲು ನೋಯುತ್ತಿದೆ. ಇಲ್ಲದ ಹೆಬ್ಬೆರಳನ್ನು ಯಾರೋ ತಿರುಚುತ್ತಿದ್ದಾರೆ ಎನ್ನುತ್ತಾಳೆ. ಡಾಕ್ಟರು ತೊಡೆಗೆ ಹೊಸ ಬೇಳೆ ಹೊಲಿದು ಹೋಗಿದ್ದಾರೆ. ರೇವಣಪ್ಪ ಅದನ್ನು ಚಾಲೂ ಮಾಡಿಲ್ಲ. ತಗಡು ಕೊಟ್ಟವರ ಹೆಸರು ಹೇಳಿದರೆ ಮಾಡುತ್ತಾನಂತೆ. ದಿನಾ ಬಂದು, ಡಬ್ಬಿ ತೋರಿಸಿ, ವಿನಯದಿಂದ ಕೇಳುತ್ತಾನೆ.

“ಅದು ಕಾಲಿಗಷ್ಟೇ ಗೊತ್ತಿತ್ರೀ ಸಾಹೇಬ್ರ” ಎಂದು ಚಿಗವ್ವ ಹೇಳಿದ್ದಾಳೆ. “ಕಾಲು ಒಯ್ದೀರಲ್ಲ, ಅದನ್ನೇ ಕೇಳ್ರಿ.”

ನಾಲ್ಕು ದಿನ ನಾನು ಬಾಯಿ ಬಿಡಲಿಲ್ಲ. ಚಳವಳಿ ಮುರಿಯಬಾರದು, ಒಬ್ಬಳ ನೋವಿಗಿಂತ ನಲವತ್ತು ಜನ ದೊಡ್ಡವರು: ಕಾರಣಗಳನ್ನು ಕರಪತ್ರಗಳೇ ಒದಗಿಸಿದವು. ಅವನ್ನು ಬರೆದ ಯಾರೂ ನೋವಿಗೆ ಚಿಗವ್ವ ಹಲ್ಲಿನಿಂದ ಚಾಪೆ ಹರಿಯುವಂಥ ಸದ್ದು ಕೇಳಿರಲಿಕ್ಕಿಲ್ಲ. ನಿನ್ನೆ ಉರಿಗಳಿಗೆಯಲ್ಲಿ ಅವಳು ನನ್ನನ್ನು ಕರೆದು ಕಾಲು ನೋಡು ಎಂದಳು. ಬಲಗಾಲಿಗೆ ಕೈ ಹಾಕಿದೆ.

“ಆ ಇನ್ನೊಂದು” ಎಂದಳು.

ಖಾಲಿ ಚಾಪೆಯ ಮೇಲೆ ನಾನು ಹಿಮ್ಮಡಿ ಹಿಡಿದೆ, ಬೆರಳು ಬಿಡಿಸಿದೆ, ಅಂಗಾಲಿನ ನಡುವೆ ಚೂರು ಹುಡುಕಿ ಕಿತ್ತೆ. ಅವಳು ಕಣ್ಣು ಮುಚ್ಚಿ ಉಸಿರುಬಿಟ್ಟಳು.

“ಹತ್ತು ದಿನ ತಡ ಮಾಡ್ದಿ, ಜಗದೇವಿ.”

ಇವತ್ತು ಉರಿಗಳಿಗೆ ಮುಗಿದ ಮೇಲೆ ರೇವಣಪ್ಪನ ಬಳಿ ಹೋಗಿ ಹೆಸರು ಹೇಳುತ್ತೇನೆ, ನನ್ನದೊಂದೇ. ಅವನು ಮಾತು ಉಳಿಸಿಕೊಳ್ಳುತ್ತಾನೋ ಇಲ್ಲವೋ ತಿಳಿಯದು. ನನ್ನ ಬೇಳೆ ಬಲ ಭುಜದಲ್ಲಿದೆ. ಡಬ್ಬಿಯ ಗುಂಡಿ ಎರಡೂ ಕಡೆ ತಿರುಗುತ್ತದೆ. ಶಿಕ್ಷೆಯೆಂದು ತುದಿಯವರೆಗೆ ಏರಿಸಿದರೆ ಆ ಜುಮ್ಮೇ ಬೆಂಕಿಯಾಗುತ್ತದೆ. ಹಾಗೆ ಬೆಂದ ಕೈ ಮತ್ತೆ ಪೆನ್ನು ಹಿಡಿದದ್ದನ್ನು ನಾನು ಕಂಡಿಲ್ಲ. ಅದಕ್ಕೇ ಈಗಲೇ ಬರೆದೆ. ಗಣಿ ದಾಟಿಯೇ ಹೋಗಬೇಕು. ದಾರಿಯಲ್ಲಿ ಈ ಕಾಗದ ಸಂದಿ ಸೇರುತ್ತದೆ.

ಈ ಯಂತ್ರ ಮಾಡುವುದನ್ನು ನಿಲ್ಲಿಸಬೇಡಿ. ಅದು ಒಂದು ದಿನ ನನ್ನ ಚಿಗವ್ವನನ್ನು ಕುಣಿಸಿದೆ. ಆದರೆ ಡಬ್ಬಿ ಇನ್ನೂ ನಿಮ್ಮ ಕೈಯಲ್ಲಿದೆ. ಯಾವನೋ ಸಭ್ಯಸ್ಥ ಬಂದು, ನಿಮ್ಮ ಒಳ್ಳೆಯದಕ್ಕೇ ಇದನ್ನು ನಾವು ಇಟ್ಟುಕೊಳ್ಳುತ್ತೇವೆ ಎಂದು ಕೈಚಾಚಿದ ದಿನ ಆ ಕೈ ಮುರಿಯಿರಿ. ಮತ್ತೆ, ನೋವು ಹೋಯಿತೆಂದು ನೋಡುವುದನ್ನು ಬಿಡಬೇಡಿ. ಮೊದಲನೆಯದು ನಾನು ಓದಿ ತಿಳಿದದ್ದು. ಎರಡನೆಯದು ಯಾವ ಕರಪತ್ರದಲ್ಲೂ ಇರಲಿಲ್ಲ.

ಸೈರನ್ ಕೂಗಿತು. ಚಿಗವ್ವ ಚಾಪೆಯ ಮೇಲೆ ಎಡಗಾಲಿಗೆ ಜಾಗ ಬಿಟ್ಟು ಕೂತಿದ್ದಾಳೆ.

ಜಗದೇವಿ
ಸಾಬವ್ವನನ್ನು ನೋಡುವವಳು