ಸ್ಟಿಕ್ಕರ್ ಅಂಟಿಸುವ ಜಾಗ

ನವೆಂಬರ್ 11, ಸಂಜೆ

ಹೀಟಿಂಗ್ ಪ್ಯಾಡ್ ಲಾಟ್ ಬಂತು. ಗೋಡೌನ್ ತುಂಬ ನೀಲಿ ಡಬ್ಬಗಳು. ಮುಂಬದಿಯಲ್ಲಿ ಒಬ್ಬ ಹೆಂಗಸಿನ ಚಿತ್ರ. ಸೊಂಟಕ್ಕೆ ಪ್ಯಾಡ್ ಇಟ್ಟುಕೊಂಡು, ಕಣ್ಣು ಮುಚ್ಚಿ ನಗುತ್ತಿದ್ದಾಳೆ. ಸೊಂಟನೋವು ಇರುವವರು ಯಾರೂ ಹಾಗೆ ನಗುವುದಿಲ್ಲ.

ಟೇಬಲ್ಲಿಗೆ ಹೊಸ ಹುಡುಗಿಯರು ಬಂದಿದ್ದಾರೆ. ಮತ್ತೆ ಅದೇ ಪಾಠ ಒಪ್ಪಿಸಿದೆ. ಹೊರದೇಶದ ಮಾಲು ನಮ್ಮ ಸ್ಟಿಕ್ಕರ್ ಇಲ್ಲದೆ ಅಂಗಡಿಗೆ ಹೋಗುವಂತಿಲ್ಲ. ತರಿಸಿದವರ ಹೆಸರು, ವಿಳಾಸ, ಯಾವ ದೇಶದ್ದು, ಫೋನ್ ನಂಬರ್, ನಮ್ಮ ಭಾಷೆಯಲ್ಲಿ ಎಚ್ಚರಿಕೆ. ಸೊಟ್ಟ ಅಂಟಿಸಿದರೆ ಕಿತ್ತು ಮತ್ತೆ ಅಂಟಿಸಬೇಕು... ಎಲ್ಲರೂ ತಲೆಯಾಡಿಸಿದರು. ಹಳಬಳಾದ ಗಿಣಿ ಮಾತ್ರ ಪಕ್ಕದವಳ ಜೊತೆ ಹರಟುತ್ತಿದ್ದಳು. ಆ ಹೆಸರು ಸುಮ್ಮನೆ ಬಂದದ್ದಲ್ಲ.

ಜಾಗ ತೋರಿಸುವುದು ನನ್ನ ಕೆಲಸ. ಮುಂಬದಿ ಬೇಡ ಎಂದರು ಮ್ಯಾನೇಜರ್. "ಆ ಮುಖ ನೋಡಿನೇ ಜನ ತಗೊಳ್ಳೋದು." ಒಂದು ಪಕ್ಕ ಬಾರ್‌ಕೋಡ್, ಇನ್ನೊಂದು ಪಕ್ಕ ತೂಕ, ತಿಂಗಳು, ಮೇಲುಗಡೆ ಹಿಡಿಕೆ. ಉಳಿದದ್ದು ಹಿಂಬದಿಯ ಕೆಳಮೂಲೆ. ಅಲ್ಲಿ ಹತ್ತಾರು ಭಾಷೆಯ ಸಣ್ಣಕ್ಷರ, ಒತ್ತೊತ್ತಾಗಿ.

"ಮೊದಲೇ ಪ್ರಿಂಟ್ ಆಗಿರೋದನ್ನ ಮುಚ್ಚಬಾರದು ಅಂತ ರೂಲ್ ಇದೆಯಲ್ಲ ಸಾರ್?"

"ಅದು ತೂಕ, ತಯಾರಾದ ತಿಂಗಳು, ಅಂಥದ್ದಕ್ಕೆ. ಇದನ್ನ ಯಾರಮ್ಮ ಓದ್ತಾರೆ, ಭೂತಗನ್ನಡಿ ಹಿಡ್ಕೊಂಡು? ಎಚ್ಚರಿಕೆ ನಮ್ಮ ಸ್ಟಿಕ್ಕರಲ್ಲೇ ಇದೆ."

ಇದೆ. ಮೂರು ಸಾಲು. ನೀರು ತಾಗಿಸಬೇಡಿ. ಮಡಚಬೇಡಿ. ಬಳಸುವ ಮೊದಲು ಡಬ್ಬದ ಮೇಲಿನ ಎಲ್ಲ ಎಚ್ಚರಿಕೆಗಳನ್ನು ಓದಿ.

ಪೆನ್ಸಿಲಿನಲ್ಲಿ ಚೌಕ ಎಳೆದು ಕೊಟ್ಟೆ. ಸ್ಯಾಂಪಲ್ ಡಬ್ಬದ ಮೇಲೆ ಸಹಿ ಹಾಕಿದೆ. ಹುಡುಗಿಯರು ಶುರುಹಚ್ಚಿಕೊಂಡರು.

ನವೆಂಬರ್ 14

ಅಳತೆ-ತೂಕ ಇಲಾಖೆಯ ಇನ್ಸ್‌ಪೆಕ್ಟರ್ ಬಂದಿದ್ದರು. ಸ್ಕೇಲ್ ಇಟ್ಟು ಅಕ್ಷರದ ಎತ್ತರ ಅಳೆದರು. ವಿಳಾಸ ಓದಿದರು. ಸ್ಟಿಕ್ಕರಿನ ಅಂಚನ್ನು ಉಗುರಿನಿಂದ ಕೆರೆದು ನೋಡಿದರು. ಏಳಲಿಲ್ಲ. ಆ ಗಮ್ ಆರಿಸಿದ್ದು ನಾನೇ, ಸುಲಭಕ್ಕೆ ಜಗ್ಗುವಂಥದ್ದಲ್ಲ.

"ನೀಟಾಗಿದೆ. ಎಲ್ಲ ಕಡೆ ಹೀಗಿದ್ರೆ ನಮ್ಮ ಕೆಲಸಾನೂ ಹಗುರ" ಎಂದರು. ಮ್ಯಾನೇಜರ್ ನನ್ನ ಕಡೆ ನೋಡಿ ನಕ್ಕರು. ಯಾಕೆ ಸುಳ್ಳು ಬರೆಯಲಿ, ಖುಷಿಯಾಯಿತು.

ನವೆಂಬರ್ 20, ಸಂಜೆ

ಅಪ್ಪನ ಕಾಲಿಗೆ ಚಳಿ. ಕಾಲುಚೀಲದ ಮೇಲೆ ಕಾಲುಚೀಲ. "ಐಸಲ್ಲಿ ಇಟ್ಟಂಗಾಗ್ತಿದೆ ಕಣೇ." ಮುಟ್ಟಿ ನೋಡಿದರೆ ಅಷ್ಟೇನೂ ತಣ್ಣಗಿಲ್ಲ. ಸಕ್ಕರೆ ಕಾಯಿಲೆ ಹಳೆಯದು. ಜೋಮು ಹಿಡಿಯುತ್ತದೆ ಎನ್ನುತ್ತಲೇ ಇರುತ್ತಾರೆ. ವಯಸ್ಸಾಯಿತಲ್ಲ ಎಂದುಕೊಂಡು ಬಿಟ್ಟಿದ್ದೆ.

ಇವತ್ತು ಡಬ್ಬ ಹರಿದ ಪೀಸುಗಳನ್ನು ಸ್ಟಾಫಿಗೆ ಕೊಟ್ಟರು. ನಾನೂ ಒಂದು ತಂದೆ. ಒಳಗಿನ ಚೀಟಿ ಆ ದೇಶದ ಲಿಪಿಯಲ್ಲೇ ಇದೆ, ತಲೆಬುಡ ತಿಳಿಯಲಿಲ್ಲ. ಅಪ್ಪ ಪ್ಯಾಡ್ ಬಿಟ್ಟು ಮೊದಲು ಹಿಡಿದದ್ದು ಡಬ್ಬವನ್ನು. ಜೀವನವಿಡೀ ಅಂಗಡಿ ಬೋರ್ಡ್ ಬರೆದವರು, ಅಕ್ಷರ ಕಂಡರೆ ಬಿಡುತ್ತಾರೆಯೇ.

"ಇದೇನಾ ನಿಮ್ಮ ಸ್ಟಿಕ್ಕರ್? ಅಕ್ಷರಕ್ಕೆ ಉಸಿರಾಡೋಕೂ ಜಾಗ ಕೊಟ್ಟಿಲ್ವಲ್ಲೇ."

"ಅಳತೆ ಸರಿಯಾಗಿದೆ ಅಪ್ಪ. ಇನ್ಸ್‌ಪೆಕ್ಟರೇ ಹೇಳಿದಾರೆ."

"ಎಲ್ಲ ಎಚ್ಚರಿಕೆ ಓದಿ ಅಂತಿದೆ. ಎಲ್ಲಿದೆ ಅವು?" ಡಬ್ಬವನ್ನು ಎಲ್ಲ ಕಡೆ ತಿರುಗಿಸಿದರು. ತಲೆಕೆಳಗು ಮಾಡಿದರು.

"ಅದೆಲ್ಲ ಸುಮ್ನೆ, ಕಾನೂನಿಗೆ ಅಂತ ಹಾಕೋದು."

"ಹಾಗಾದ್ರೆ ಕಾನೂನೇ ಓದ್ಕೊಳ್ಳಲಿ, ನಂಗ್ಯಾಕೆ" ಎಂದು ಡಬ್ಬ ಮಂಚದ ಕೆಳಗೆ ತಳ್ಳಿದರು. ಇಬ್ಬರೂ ನಕ್ಕೆವು. ಪ್ಲಗ್ ಹಾಕಿ, ಪಾದದ ಅಡಿ ಪ್ಯಾಡ್ ಇಟ್ಟು, ಹೊದಿಸಿದೆ.

ನವೆಂಬರ್ 23

ಅಪ್ಪ ಒಳ್ಳೆ ನಿದ್ದೆ ಮಾಡುತ್ತಿದ್ದಾರೆ. ಆದರೆ ಬಿಸಿ ಸಾಲದಂತೆ. "ಏನೂ ಗೊತ್ತಾಗ್ತಿಲ್ಲ, ಇನ್ನೊಂಚೂರು ಜಾಸ್ತಿ ಮಾಡೇ." ಗುಂಡಿ ತಿರುಗಿಸಿ ಹೆಚ್ಚು ಮಾಡಿದೆ.

ಅಕ್ಕ ಫೋನ್ ಮಾಡಿದ್ದಳು. ಪ್ಯಾಡ್ ವಿಷಯ ಹೇಳಿದೆ. "ನಂಗೆ ಇಷ್ಟು ವರ್ಷ ಹೊಳೀಲೇ ಇಲ್ಲ ನೋಡು. ನೀನಿರೋದ್ರಿಂದ ನಾನಿಲ್ಲಿ ನಿಶ್ಚಿಂತೆಯಾಗಿದೀನಿ." ಅವಳು ಹೊಗಳುವುದೇ ಅಪರೂಪ. ಬರೆದಿಟ್ಟಿರುತ್ತೇನೆ.

ಡಿಸೆಂಬರ್ 2, ಮಧ್ಯಾಹ್ನ

ಬೆಳಿಗ್ಗೆ ಅಪ್ಪನ ಕೋಣೆಯಲ್ಲಿ ವಾಸನೆ. ಇಲಿ ಸತ್ತಿರಬೇಕು ಎಂದು ಮಂಚ ಸರಿಸಿದೆ. ಇಲಿ ಇರಲಿಲ್ಲ. ಬಲಗಾಲಿನ ಚೀಲ ಬಿಚ್ಚಲು ಹೋದೆ, ಬರಲಿಲ್ಲ. ಅಂಟಿಕೊಂಡಿತ್ತು. ನೀರು ಹಾಕಿ ನೆನೆಸಿ ತೆಗೆದೆ. ಹಿಮ್ಮಡಿಯ ಚರ್ಮ ಚೀಲದ ಜೊತೆಗೇ ಬಂತು.

ಅಪ್ಪ ನನ್ನ ಮುಖ ನೋಡುತ್ತಿದ್ದರು. "ಏನೇ? ಏನಾಗಿದೆ?"

ಅವರಿಗೆ ಗೊತ್ತೇ ಆಗಿಲ್ಲ. ಮೊದಲು ಬೊಬ್ಬೆ ಎದ್ದು, ಒಡೆದು, ಇಷ್ಟಾಗುವವರೆಗೆ... ಗೊತ್ತೇ ಇಲ್ಲ.

ಡಾಕ್ಟರಮ್ಮ ನೋಡಿದ ಕೂಡಲೇ ಅಡ್ಮಿಟ್ ಮಾಡಿ ಎಂದರು. ಅಪ್ಪನಿಗೆ "ಶುಗರ್ ಜಾಸ್ತಿಯಾಗಿದೆ ಅಷ್ಟೇ" ಎಂದು ಸಮಾಧಾನ ಹೇಳಿ, ನನ್ನನ್ನು ಹೊರಗೆ ಕರೆದರು.

"ಇದು ಸುಟ್ಟ ಗಾಯ. ಕಾಲಿಗೆ ಏನು ಇಟ್ಟಿದ್ರಿ?"

ಹೇಳಿದೆ.

"ಅಯ್ಯೋ, ಶುಗರ್ ಇರೋರ ಕಾಲಿಗಾ? ಅವರಿಗೆ ಬಿಸಿ ತಿಳಿಯೋದೇ ಇಲ್ಲ. ಡಬ್ಬದ ಮೇಲೇ ಬರೆದಿರ್ತಾರಲ್ಲಮ್ಮ, ನೀವು ಓದಲಿಲ್ವಾ?"



ಅದೇ ದಿನ, ಸಂಜೆ

ಬಟ್ಟೆ ತರಲು ಮನೆಗೆ ಬಂದೆ. ಬಟ್ಟೆಗೆ ಕೈ ಹಾಕಲಿಲ್ಲ. ನೇರ ಮಂಚದ ಕೆಳಗೆ.

ಸ್ಟಿಕ್ಕರ್ ಉಗುರಿಗೆ ಬರಲಿಲ್ಲ. ನೀರು ಕುದಿಸಿ ಹಬೆ ಹಿಡಿದೆ. ಆಮೇಲೆ ಮೆಲ್ಲಗೆ ಎದ್ದಿತು. ಕೆಳಗೆ ಭಾಷೆಗಳ ಸಾಲು. ಇಂಗ್ಲಿಷ್ ಕೂಡ ಇತ್ತು. ಇಷ್ಟು ದಿನ ಇತ್ತು. ಡಬ್ಬವನ್ನು ದೀಪಕ್ಕೆ ಹತ್ತಿರ ಹಿಡಿದರೆ ಭೂತಗನ್ನಡಿಯೂ ಬೇಕಾಗಲಿಲ್ಲ. ಸಕ್ಕರೆ ಕಾಯಿಲೆ ಇರುವವರು, ಚರ್ಮಕ್ಕೆ ಬಿಸಿ ತಿಳಿಯದವರು ಬಳಸಬಾರದು. ನಿದ್ದೆ ಮಾಡುವಾಗ ಬಳಸಬಾರದು.

ಎಲ್ಲ ಎಚ್ಚರಿಕೆಗಳನ್ನು ಓದಿ ಎಂದು ಎಚ್ಚರಿಕೆಗಳ ಮೇಲೆಯೇ ಅಂಟಿಸಿದ್ದೇವೆ. ಅಲ್ಲ. ನಾನು ಅಂಟಿಸಿದ್ದೇನೆ. ಚೌಕ ಎಳೆದವಳು ನಾನು. ಅಪ್ಪ ಡಬ್ಬ ತಿರುಗಿಸಿ ತಿರುಗಿಸಿ ಹುಡುಕಿದರಲ್ಲ, ನಾನು ನಕ್ಕೆನಲ್ಲ...

ಸ್ಟಿಕ್ಕರ್ ವಾಪಸ್ ಒತ್ತಿ ಕೂರಿಸಿದೆ. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ಡಬ್ಬವನ್ನು ಹಳೇ ಪೇಂಟ್ ಡಬ್ಬಿಗಳ ಹಿಂದೆ ಇಟ್ಟೆ.

ಡಿಸೆಂಬರ್ 5

ಮ್ಯಾನೇಜರಿಗೆ ಎಲ್ಲ ಹೇಳಿದೆ. ಅಂಗಡಿಗಳಿಂದ ಮಾಲು ವಾಪಸ್ ತರಿಸಬೇಕು ಎಂದೆ. ಅವರು ಎದ್ದು ಹೋಗಿ ಬಾಗಿಲು ಹಾಕಿದರು. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಇಲ್ಲ. ಟೀ ತರಿಸಿದರು.

"ಅಪ್ಪ ಹೇಗಿದಾರೆ?"

"ಬೆರಳು ಕಪ್ಪಾಗ್ತಿದೆ ಸಾರ್."

"ನೋಡಮ್ಮ, ಜಾಗ ತೋರಿಸಿದ್ದು ನೀನು. ಸ್ಯಾಂಪಲ್ ಮೇಲಿರೋದು ನಿನ್ನ ಸಹಿ. ಸುದ್ದಿ ಎದ್ರೆ ಮೊದಲು ಬರೋದು ನಿನ್ನ ಕುತ್ತಿಗೆಗೆ. ನಾನು ಬೇಕಾದ್ರೆ ಹೇಗೋ ಪಾರಾಗ್ತೀನಿ." ಟೀ ಲೋಟ ನನ್ನ ಕಡೆ ಸರಿಸಿದರು. "ಆಸ್ಪತ್ರೆದು ನಮ್ಮ ಕಂಪನಿ ಇನ್ಶೂರೆನ್ಸಲ್ಲೇ ನಡೀತಿದೆ ಅಲ್ವಾ? ಈಗ ಕೆಲಸ ಕಳ್ಕೊಂಡ್ರೆ ಅವರ ಗತಿ ಏನು, ಯೋಚನೆ ಮಾಡು."

ಬೆದರಿಕೆ ಎನ್ನುವಂತೆಯೂ ಇರಲಿಲ್ಲ. ನಿಜವಾಗಿಯೂ ನನಗಾಗಿ ಮರುಗುವವರ ದನಿ. ಅದಕ್ಕೇ ಟೀ ಕುಡಿದು ಬಂದೆ. ಥೂ.

ಡಿಸೆಂಬರ್ 8

ಸ್ಟಿಕ್ಕರ್ ಮೇಲೆ ದೂರು ಕೊಡಲು ಫೋನ್ ನಂಬರ್ ಇದೆಯಲ್ಲ. ಊಟದ ಹೊತ್ತಿನಲ್ಲಿ ನಾನೇ ಆ ನಂಬರಿಗೆ ಮಾಡಿದೆ. ಮ್ಯಾನೇಜರ್ ಕೋಣೆಯಲ್ಲಿ ರಿಂಗಾಗುವುದು ಗೋಡೌನಿಗೇ ಕೇಳಿಸುತ್ತಿತ್ತು. ಯಾರೂ ಎತ್ತಲಿಲ್ಲ. ಗಿಣಿ ತಲೆಯೆತ್ತಿ, "ಅದು ಹೀಗೇ ಬಡ್ಕೊಳ್ತಾ ಇರುತ್ತೆ ಅಕ್ಕಾ" ಎಂದಳು.

ಡಿಸೆಂಬರ್ 19

ಎರಡು ಬೆರಳು ತೆಗೆದರು. ಅಪ್ಪ ಬ್ಯಾಂಡೇಜ್ ನೋಡಿ, "ಉಳಿದ ಮೂರಕ್ಕೆ ಜಾಗ ಧಾರಾಳ ಆಯ್ತು ಬಿಡು" ಎಂದರು. ನರ್ಸ್ ನಕ್ಕಳು. ನಾನು ಹೊರಗೆ ಹೋದೆ.

ಜನವರಿ 3

ಮೊಣಕಾಲಿನ ಕೆಳಗೆ ತೆಗೆಯಬೇಕಂತೆ. ಪೂರ್ತಿ.

ಸಹಿ ಹಾಕಿ ಎಂದು ನರ್ಸ್ ಕಾಗದ ಚಾಚಿದಳು. ಹಾಕಿದೆ. ಅದೇ ಕೈ, ಅದೇ ಸಹಿ.

ಜನವರಿ 9, ಸಂಜೆ

ಕೆಲಸಕ್ಕೆ ವಾಪಸ್. ಪ್ಯಾಡುಗಳ ಹೊಸ ಲಾಟ್ ಬಂದಿದೆ. ಅದೇ ನೀಲಿ ಡಬ್ಬ, ಅದೇ ನಗು. ಗಿಣಿ ರೋಲ್ ಹಿಡಿದು ನಿಂತಿದ್ದಳು. "ಹೋದ ಸಲದ ಜಾಗಾನೇ ಅಲ್ವಾ ಅಕ್ಕಾ?"

ಪೆನ್ಸಿಲ್ ತೆಗೆದುಕೊಂಡು ಮುಂಬದಿಯಲ್ಲಿ ಚೌಕ ಎಳೆದೆ. ಸರಿಯಾಗಿ ಆ ಹೆಂಗಸಿನ ಮುಖದ ಮೇಲೆ.

ಮ್ಯಾನೇಜರ್ ಓಡಿ ಬಂದರು. "ನಿಂಗೇನು ತಲೆ ಕೆಟ್ಟಿದೆಯಾ?" ಈ ಸಲ ಟೀ ಇಲ್ಲ. ಆ ಡಬ್ಬ ಕಿತ್ತುಕೊಂಡು, ಇನ್ನೊಂದರ ಹಿಂಬದಿಗೆ ತಾವೇ ಚೌಕ ಎಳೆದು ಗಿಣಿಯ ಮುಂದೆ ಇಟ್ಟರು. ಇನ್ನು ಮೇಲೆ ಜಾಗ ತೋರಿಸುವವಳು ಅವಳಂತೆ. ಬಡ್ತಿ.

ನಲ್ಲಿಯ ಹತ್ತಿರ ಗಿಣಿಯನ್ನು ತಡೆದು ನಿಲ್ಲಿಸಿದೆ. ಅಪ್ಪನ ಕಾಲಿನಿಂದ ಹಿಡಿದು ಒಂದೂ ಬಿಡದೆ ಹೇಳಿದೆ. ಅವಳು ಮಾತಿಲ್ಲದೆ ನಿಂತದ್ದನ್ನು ನಾನು ನೋಡಿದ್ದು ಇದೇ ಮೊದಲು. ಕೊನೆಗೆ, "ನಮ್ಮನೇನೂ ನಡೀಬೇಕಲ್ಲ ಅಕ್ಕಾ" ಎಂದಳು. ಹೋಗಿ ಸಹಿ ಹಾಕಿದಳು.

ಬೈಯಲು ನನಗೆ ಯಾವ ಮುಖವಿದೆ. ನಾನು ಟೀ ಕುಡಿದು ಬಂದವಳು.

ನನ್ನನ್ನು ಬಾಚಣಿಗೆ ಲಾಟಿಗೆ ಹಾಕಿದ್ದಾರೆ. ಬಾಚಣಿಗೆಗೆ ಎಚ್ಚರಿಕೆ ಬೇಕಿಲ್ಲ.

ಜನವರಿ 12

ಇನ್ಸ್‌ಪೆಕ್ಟರ್ ಆಫೀಸಿಗೆ ಹೋಗಿದ್ದೆ. ಅವರಿಗೆ ಬೇರೆ ಕಡೆ ವರ್ಗವಾಗಿದೆ. ಅವರ ಕುರ್ಚಿಗೆ ಇನ್ನೂ ಯಾರೂ ಬಂದಿಲ್ಲ. ಪಕ್ಕದ ಟೇಬಲ್ಲಿನವನು ಕೇಳಿದ, "ಅಕ್ಷರದ ಅಳತೆಯಲ್ಲಿ ಏನಾದ್ರೂ ದೋಷ ಇತ್ತಾ?" ಇಲ್ಲ ಎಂದೆ. ಅಳತೆಯಲ್ಲಿ ದೋಷ ಇರಲಿಲ್ಲ. "ಹೊಸಬರು ಬಂದ್ಮೇಲೆ ಬನ್ನಿ" ಎಂದ.

ಜನವರಿ 16

ಅಪ್ಪ ಮನೆಗೆ ಬಂದರು. ಅಕ್ಕ ಬಂದಿದ್ದಾಳೆ. ಹಾಸಿಗೆ ಸರಿಮಾಡಿ ಮಲಗಿಸಿದ ಮೇಲೆ ಅಡುಗೆಮನೆಗೆ ಬಂದು ನನ್ನನ್ನು ತಬ್ಬಿಕೊಂಡು ಅತ್ತಳು. "ಶುಗರ್ ಅನ್ನೋದು ಕೆಟ್ಟ ರೋಗ. ನಿನ್ನ ಥರ ಯಾರು ನೋಡ್ಕೊಳ್ತಿದ್ರು ಹೇಳು..."

ಹೇಳಬೇಕು ಎಂದು ಬಾಯಿ ತೆರೆದೆ. "ಅನ್ನಕ್ಕೆ ನೀರಿಟ್ಟಿದೀಯಾ?" ಎಂದು ಕೇಳಿದೆ. ಅಪ್ಪನಿಗೆ ಗೊತ್ತಾಗುವುದಾದರೆ ನನ್ನಿಂದಲೇ ಗೊತ್ತಾಗಬೇಕು. ಬೇರೆ ಯಾರೂ ಹೇಳುವುದಿಲ್ಲ, ಅದೇ ಕಷ್ಟ.

ಜನವರಿ 17, ಬೆಳಿಗ್ಗೆ

ಅಕ್ಕ ಔಷಧಿ ತರಲು ಹೋಗಿದ್ದಾಳೆ.

ಅಪ್ಪ ಕರೆದರು. "ಕಾಲು ಚಳಿ ಆಗ್ತಿದೆ ಕಣೇ."

ಹೊದಿಕೆ ಎಳೆದು ಮುಚ್ಚಿದೆ.

"ಇದಲ್ಲ. ಅದು." ಹೊದಿಕೆ ಚಪ್ಪಟೆಯಾಗಿದ್ದ ಕಡೆ ಬೆರಳು ತೋರಿಸಿದರು. "ಇಲ್ಲ ಅಂತ ಗೊತ್ತು. ಆದ್ರೂ ಕೊರೀತಿದೆ. ನೀನು ತಂದಿದ್ದೆಯಲ್ಲ, ಆ ಬಿಸಿ ಪ್ಯಾಡ್ ಎಲ್ಲಿಟ್ಟೆ?"

ಮುಖ ಆಚೆ ತಿರುಗಿಸಿಕೊಂಡೆ. ಅಪ್ಪನಿಗೆ ಅದು ಬೇರೆಯೇ ದುಃಖವಾಗಿ ಕಂಡಿರಬೇಕು. ನನ್ನನ್ನು ನಗಿಸಲು ನೋಡಿದರು. "ಡಬ್ಬಾನೂ ತಾರೇ. ಇಲ್ಲದ ಕಾಲಿಗೆ ಹಾಕಬಾರದು ಅಂತ ಎಲ್ಲಾದ್ರೂ ಬರೆದಿದೆಯಾ ನೋಡೋಣ."

ಪೇಂಟ್ ಡಬ್ಬಿಗಳ ಹಿಂದಿನಿಂದ ತೆಗೆದೆ. ಈಗ ತೊಡೆಯ ಮೇಲಿದೆ. ಹಬೆ ಹಿಡಿದದ್ದಕ್ಕೆ ಗಮ್ ಸತ್ತಿದೆ, ಸ್ಟಿಕ್ಕರಿನ ಒಂದು ಮೂಲೆ ಎದ್ದು ನಿಂತಿದೆ. ಅಪ್ಪನ ಕಣ್ಣಿಗೆ ಅದು ಬೀಳದೆ ಇರುವುದಿಲ್ಲ. ಆಚೆ ಕೋಣೆಯಲ್ಲಿ ಕನ್ನಡಕದ ಗೂಡು ತೆರೆದ ಸದ್ದಾಯಿತು...

"ಬಂದೆ ಅಪ್ಪ" ಎಂದೆ. ಎದ್ದಿಲ್ಲ. ಮೊದಲ ಮಾತು ಒಂದನ್ನು ಇಲ್ಲಿ ಬರೆದುಕೊಂಡು ಹೋದರೆ ನಾಲಿಗೆ ಹೊರಳೀತು.

ಅಪ್ಪಾ, ನೀವು ಅವತ್ತು ಹುಡುಕಿದ್ದು ಇಲ್ಲೇ ಇತ್ತು. ಇದನ್ನ ಮುಚ್ಚಿ ಅಂತ ಜಾಗ ತೋರಿಸಿದ್ದು —