ಎತ್ತಿ ಒಯ್ಯುವ ಒಲೆ

ಯಲ್ಲಾಪುರದ ಹತ್ತಿರ, ತಗಡಿನ ಶೆಡ್ಡುಗಳಿಂದ
ಮಂಗಳವಾರ, 19-1-1999

ಪ್ರೀತಿಯ ತಮ್ಮ ಮಂಜನಿಗೆ,

ಅಕ್ಕ ಗಂಗೆಯ ತುಂಬು ಮನಸ್ಸಿನ ಆಶೀರ್ವಾದ. ನಿನ್ನ ಮೈ ಹೇಗಿದೆ? ಬಲೆ ಎಳೆದೂ ಎಳೆದೂ ಅಂಗೈ ಒಡೆದಿದೆ ಎಂದು ದೀಪಾವಳಿ ಹೊತ್ತಿಗೆ ಬರೆದಿದ್ದೆಯಲ್ಲ, ಅದು ಮಾಯಿತೇ? ರಾತ್ರಿ ಮಲಗುವಾಗ ಕೊಬ್ಬರಿ ಎಣ್ಣೆ ಹಚ್ಚಿಕೋ. ನಾನು ಹೇಳಿದ್ದನ್ನು ನೀನು ಯಾವ ಜನ್ಮದಲ್ಲಿ ಕೇಳಿದ್ದೀಯ ಮಾರಾಯ, ಆದರೂ ಹಚ್ಚಿಕೋ. ಇಲ್ಲಿ ಈ ವರ್ಷ ಚಳಿ ಎಂದರೆ ಅಂತಿಂಥ ಚಳಿಯಲ್ಲ. ಬೆಳಿಗ್ಗೆ ಎದ್ದರೆ ತಗಡಿನ ಒಳಮೈಯಿಂದ ಮಂಜಿನ ನೀರು ಹಾಸಿಗೆಯ ಮೇಲೆ ತೊಟ್ಟಿಕ್ಕಿರುತ್ತದೆ.

ನಿಮ್ಮ ಬಂದರದ ಸಾಹುಕಾರರ ಅಂಗಡಿಗೆ ಚೌಡ ಮಾವ ಎರಡು ಸಲ ಫೋನು ಮಾಡಿಸಿದ್ದರು. ದೋಣಿ ಸಮುದ್ರದಲ್ಲಿದೆ, ಬಂದ ಮೇಲೆ ಹೇಳುತ್ತೇವೆ ಎಂದರಂತೆ. ಹೇಳಿದರೋ ಇಲ್ಲವೋ ನನಗೆ ತಿಳಿಯದು. ಹೇಳಿರದಿದ್ದರೆ, ಮಂಜ, ನಿಂತು ಓದುತ್ತಿದ್ದರೆ ಒಂದು ಕಡೆ ಕೂತುಕೋ. ನಮ್ಮ ಅವ್ವ ಹೋಗಿಬಿಟ್ಟಳು. ಸಂಕ್ರಾಂತಿ ನೋಡಲಿಲ್ಲ. ಕೆಮ್ಮು ಎದೆಗೆ ಇಳಿದಿತ್ತು, ಡಾಕ್ಟರು ಕೈಚೆಲ್ಲಿದ್ದರು. ಮಧ್ಯಾಹ್ನ ಬಿಸಿಲಿಗೆ ಕೂರಿಸು ಎಂದಳು, ಕೂರಿಸಿದೆ, ನನ್ನ ಹೆಗಲಿಗೆ ತಲೆ ಕೊಟ್ಟಳು. ನಿದ್ದೆ ಬಂತೆಂದು ನಾನು ಅಲುಗಾಡದೆ ಕೂತಿದ್ದೆ. ಪಕ್ಕದ ಶೆಡ್ಡಿನ ಪಾರ್ವತವ್ವ ಬಂದು ಮುಖ ನೋಡಿ ಕೂಗಿಕೊಂಡ ಮೇಲೆಯೇ ನನಗೆ ಗೊತ್ತಾದದ್ದು. ನೀನಿಲ್ಲದ್ದಕ್ಕೆ ಚೌಡ ಮಾವನೇ ತಮ್ಮ ಅಕ್ಕನ ಚಿತೆಗೆ ಕೊಳ್ಳಿ ಇಟ್ಟರು. ನಿನ್ನ ಮೇಲೆ ಸಿಟ್ಟಿದೆ ನನಗೆ, ಸುಳ್ಳು ಯಾಕೆ ಹೇಳಲಿ. ಆದರೆ ಸಿಟ್ಟಿಗಿಂತ ಹೆಚ್ಚಾಗಿ, ಅಳುವಾಗ ಪಕ್ಕದಲ್ಲಿ ನೀನಿರಬೇಕಿತ್ತು ಅನಿಸಿತು.

ನೀನು ಹೋಗುವಾಗ ಹೇಳಿದ್ದು ನೆನಪಿದೆಯಲ್ಲ? ಅಣೆಕಟ್ಟಿನ ನೀರು ಊರಿಗೆ ಬಂದು, ಗದ್ದೆ ಮನೆ ಎಲ್ಲ ಮುಳುಗಿ, ನಮ್ಮನ್ನು ಲಾರಿಯಲ್ಲಿ ತಂದು ಇಲ್ಲಿ ಇಳಿಸಿದ ದಿನ, "ಈ ತಗಡಿನ ಡಬ್ಬಿ ಒಳಗೆ ನಾ ಕಾಲಿಡೂದಿಲ್ಲ, ಮನೆ ಅಂತ ಒಂದಾದ್ರೆ ಕರೀರಿ" ಎಂದು ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ. ಅವ್ವನದೂ ಅದೇ ಹಠ. ನೀವಿಬ್ಬರೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದವರು. ನಾನು ಮೊದಲ ದಿನವೇ ಮೂಲೆಯಲ್ಲಿ ಮಣ್ಣು ಕಲಸಿ ಒಲೆ ಹೂಡಲು ಕೂತರೆ ಅವ್ವ ಕೈ ಹಿಡಿದುಬಿಟ್ಟಳು. "ಬ್ಯಾಡ ಮಾರಾಯ್ತಿ. ಒಲೆ ಹೂಡಿದ್ರೆ ಇದೇ ಮನೆ ಆಗೋತದೆ. ನಮ್ಮ ಮನೆ ಇದಲ್ಲ" ಎಂದಳು. ಸೈಟು ಕೊಡುತ್ತಾರೆ, ಅಲ್ಲಿ ಒಲೆ ಹೂಡುವುದು, ಹಾಲು ಉಕ್ಕಿಸುವುದು, ಆಮೇಲೆ ಬಾ ಎಂದು ಮಂಜನಿಗೆ ಕಾಗದ ಹಾಕುವುದು, ಇದು ಅವಳ ಲೆಕ್ಕ. ಸೈಟು ಇವತ್ತು ಬರುತ್ತದೆ, ನಾಳೆ ಬರುತ್ತದೆ ಎನ್ನುವುದರಲ್ಲಿಯೇ ಮಳೆಗಾಲದ ಮೇಲೆ ಮಳೆಗಾಲ ಕಳೆಯಿತು.

ಒಲೆ ಬೇಡ ಎಂದರೆ ಹೊಟ್ಟೆ ಕೇಳುತ್ತದೆಯೇ? ಅದಕ್ಕೆ ನಾನು ಎತ್ತಿ ಒಯ್ಯುವ ಒಲೆ ಮಾಡಿದೆ. ಬಸ್‌ಸ್ಟ್ಯಾಂಡಿನ ಹೋಟೆಲಿನಿಂದ ಖಾಲಿ ಎಣ್ಣೆ ಡಬ್ಬ ಕೇಳಿ ತಂದೆ. ಮೇಲಿನ ಮುಚ್ಚಳ ಕತ್ತರಿಸಿ ತೆಗೆದೆ, ಪಕ್ಕದಲ್ಲಿ ಸೌದೆ ಹಾಕಲು ಬಾಯಿ ಕೊರೆದೆ, ಅದರ ಕೆಳಗೆ ಗಾಳಿಗೂ ಬೂದಿಗೂ ಇನ್ನೊಂದು ತೂತು. ಒಳಗೆ ಹುತ್ತದ ಮಣ್ಣು, ಭತ್ತದ ಹೊಟ್ಟು, ಸಗಣಿ ಸೇರಿಸಿ ಕಲಸಿ ದಪ್ಪಗೆ ಮೆತ್ತಿದೆ. ಮೊದಲನೆಯದರ ಕಥೆ ಕೇಳಿದರೆ ನಗುತ್ತೀಯ. ಮಣ್ಣು ಒಣಗುವ ಮೊದಲೇ ಅವಸರ ಮಾಡಿ ಬೆಂಕಿ ಹಾಕಿದೆ, ತಳಕ್ಕೆ ಮಣ್ಣು ಹಾಕಿಯೂ ಇರಲಿಲ್ಲ. ಬೆಸುಗೆ ಕರಗಿ, ಎತ್ತಿದರೆ ಡಬ್ಬ ಕೈಯಲ್ಲಿ, ತಳ, ಕೆಂಡ, ಅನ್ನದ ಪಾತ್ರೆ ಎಲ್ಲ ನೆಲದಲ್ಲಿ! ಅವ್ವ ಕೆಮ್ಮು ಬರುವ ತನಕ ನಕ್ಕಳು. ಶೆಡ್ಡಿಗೆ ಬಂದ ಮೇಲೆ ಅವಳು ಬಾಯಿ ತುಂಬ ನಕ್ಕಿದ್ದು ಅದೇ ಮೊದಲು, ಆದ್ದರಿಂದ ಆ ಅನ್ನ ಹೋದದ್ದಕ್ಕೆ ನನಗೆ ಬೇಜಾರಾಗಲಿಲ್ಲ. ಎರಡನೆಯದಕ್ಕೆ ತಳದಲ್ಲಿ ನಾಲ್ಕು ಬೆರಳು ಮಣ್ಣು ಕೊಟ್ಟೆ, ನೆರಳಲ್ಲಿ ಒಣಗಿಸಿದೆ, ಕಬ್ಬಿಣದ ಸರಳು ಅಡ್ಡ ಹಾಕಿದೆ, ಹಿಡಿಯಲು ದಪ್ಪ ತಂತಿ ಕಟ್ಟಿದೆ. ಅದು ನಿಂತಿತು. ಆಮೇಲೆ ಸಾಲಿನವರೆಲ್ಲ ಡಬ್ಬ ಹಿಡಿದುಕೊಂಡು ಬಂದು ನನಗೂ ಒಂದು, ನನಗೂ ಒಂದು ಎಂದರು. ಗಂಡನ ಮನೆಯಲ್ಲಿ ಅಷ್ಟು ವರ್ಷ ಒಲೆಯ ಮುಂದೆ ಕೂತರೂ ಅದು ನನ್ನದಾಗಲಿಲ್ಲ, ಬಿಟ್ಟು ಬಂದೆ. ಇಲ್ಲಿ ಎಲ್ಲರ ಶೆಡ್ಡಿನಲ್ಲೂ ನನ್ನ ಒಲೆ.

ಒಂದು ಕಡೆ ನಿಲ್ಲದ್ದಕ್ಕೆ ಅವ್ವ ಅದಕ್ಕೆ ಬೆಕ್ಕು ಎಂದು ಹೆಸರಿಟ್ಟಿದ್ದಳು. ಹೊರಗೆ ಉರಿಸಿ, ಅಡಿಗೆ ಮಾಡಿ, ಹೊಗೆ ಪೂರಾ ಹೋಗಿ ಬರೀ ಕೆಂಡ ಉಳಿದ ಮೇಲೆ ಒಳಗೆ ತಂದು ಅವಳ ಚಾಪೆಯ ಹತ್ತಿರ ಇಡುತ್ತಿದ್ದೆ. ಬಾಗಿಲು ತೆರೆದೇ ಇರಬೇಕು ಎಂದು ನಾನು, ಚಳಿ ಬರ್ತದೆ ಮುಚ್ಚೇ ಎಂದು ಅವಳು, ದಿನಾ ಇದೇ ಜಗಳ. "ಎತ್ತಿಕೊಂಡು ತಿರುಗೋ ಒಲೆಗೆ ದೇವರಿದ್ದಾನಾ?" ಎಂದು ಹಂಗಿಸುತ್ತಲೇ ಎರಡೂ ಕೈ ಅದಕ್ಕೆ ಒಡ್ಡಿ ಕೂರುತ್ತಿದ್ದಳು. ಹಬ್ಬದಲ್ಲಿ ಮಾತ್ರ ಅದರ ಮೇಲೆ ಏನೂ ಮಾಡಗೊಡಲಿಲ್ಲ. ಹೊಸ್ತಿನ ಹಬ್ಬವಂತೂ ಇಲ್ಲವೇ ಇಲ್ಲ, ಗದ್ದೆಯೇ ನೀರಿನಡಿ ಹೋದ ಮೇಲೆ ಹೊಸ ಅಕ್ಕಿ ಎಲ್ಲಿಂದ ಬರಬೇಕು? ಕಡೆಕಡೆಗೆ ಊಟ ಬಿಟ್ಟಳು, ಬಿಸಿನೀರು ಮಾತ್ರ. ನಾಯಿ ಬೊಗಳಿದರೂ "ಮಂಜ ಬಂದ್ನಾ ನೋಡೇ" ಎನ್ನುತ್ತಿದ್ದಳು. ಬಾ ಅಂತ ಕಾಗದ ಹಾಕಲಾ ಅವ್ವಾ ಎಂದರೆ, "ಬ್ಯಾಡ, ಎಲ್ಲಿಗೆ ಅಂತ ಕರೀತೆ ಅವನ್ನ?" ಎಂದು ಗೋಡೆ ಕಡೆ ತಿರುಗುತ್ತಿದ್ದಳು.

ಎಡೆ ಇಡುವ ದಿನ ಹತ್ತಿರ ಬಂದಾಗ ದೊಡ್ಡ ಚರ್ಚೆಯೇ ಆಯಿತು. ಸತ್ತವರಿಗೆ ಅಟ್ಟು ಬಡಿಸುವುದು ಮನೆಯ ಒಲೆಯ ಮೇಲೆ. ಇವತ್ತು ಅಂಗಳ, ನಾಳೆ ಮೂಲೆ ಎಂದು ತಿರುಗುವ ಡಬ್ಬದ ಮೇಲೆ ಬೇಯಿಸಿದರೆ ಜೀವ ಯಾವ ಜಾಗಕ್ಕೆಂದು ಬರಬೇಕು ಎಂದರು ಹಿರಿಯರು. ನಮ್ಮೂರು ಮುಳುಗಿದ ನೀರಿನ ದಂಡೆಗೆ ಹೋಗಿ ಅಲ್ಲೇ ಮಾಡೋಣ ಎಂದರು ಕೆಲವರು. ಆ ನೀರನ್ನು ನೋಡುತ್ತಾ ಅವ್ವನಿಗೆ ಉಣ್ಣು ಎಂದು ನಾನು ಹೇಗೆ ಹೇಳಲಿ? ಎದ್ದು ಹೋಗಿ ಮಣ್ಣು ತಂದೆ. ಅವ್ವ ಬೇಡ ಎಂದಿದ್ದ ಆ ಮೂಲೆಯಲ್ಲಿಯೇ ಒಲೆ ಹೂಡಿದೆ. ಬೇಡ ಎಂದವಳಿಗೇ ಅನ್ನ ಹಾಕಲು ಹೂಡಬೇಕಾಯಿತಲ್ಲ ಎಂದು ಮಣ್ಣು ಮೆತ್ತುತ್ತಾ ಜೋರಾಗಿ ಅತ್ತೆ. ಪಾರ್ವತವ್ವ ನೀರು ಚಿಮುಕಿಸಿ ಸಹಾಯ ಮಾಡಿದಳು. ಒಲೆ ಒಣಗಿದ ಮೇಲೆ ಬಿಳಿ ಶೇಡಿ ಮಣ್ಣಿನಲ್ಲಿ ಅದಕ್ಕೆ ಎರಡು ಗೆರೆ ಎಳೆದೆ, ಅನ್ನ ಮಾಡಿದೆ, ಅವಳಿಗೆ ಇಷ್ಟದ ಕೆಸುವಿನ ಪಲ್ಯ ಮಾಡಿದೆ. ಕಾರ್ಯ ಮುಗಿಯಿತು.

ಚೌಡ ಮಾವ ನಿನ್ನನ್ನು ಕೇಳಿದ್ದಾರೆ, ಪಾರ್ವತವ್ವನೂ ಕೇಳಿದ್ದಾಳೆ. ಸಮುದ್ರದಲ್ಲಿ ಎಚ್ಚರ. ಅವ್ವ ಹರಸುತ್ತಿದ್ದ ಹಾಗೆ ಹರಸಲು ನನಗೆ ಬರುವುದಿಲ್ಲ. ತಣ್ಣಗಿರು, ತಮ್ಮಾ.

ಇಂತಿ ನಿನ್ನ ಅಕ್ಕ,
ಗಂಗೆ

ತಾ.ಕ.: ಅಂಚೆ ಪೆಟ್ಟಿಗೆ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಕಾರ್ಯ ಮುಗಿಯಿತು ಎಂದು ಮೇಲೆ ಬರೆದದ್ದು ಪೂರ್ತಿ ನಿಜವಲ್ಲ. ಎಡೆ ಹೊರಗಿಟ್ಟರೆ ಕಾಗೆ ಮುಟ್ಟಲಿಲ್ಲ. ಎದುರಿನ ಮತ್ತಿಮರದಲ್ಲಿ ಕೂತು ನೋಡುತ್ತಿತ್ತು, ಇಳಿಯಲೊಲ್ಲದು. ಸೈಟು ಬಂದ ದಿನ ಈ ಒಲೆ ಒಡೆದು ಅಲ್ಲಿ ಹೂಡ್ತೇವೆ ಅಕ್ಕಾ ಎಂದರು ಚೌಡ ಮಾವ. ಬರಲಿಲ್ಲ. ಗಂಗೆಯನ್ನು ನಾ ನೋಡಿಕೊಳ್ಳುತ್ತೇನೆ ಎಂದರು. ಬರಲಿಲ್ಲ. ಬಿಸಿಲು ನೆತ್ತಿ ದಾಟಿತು, ಯಾರೂ ಉಂಡಿರಲಿಲ್ಲ. ಕಡೆಗೆ ನಾನು ಕೈಮುಗಿದು, ಮಂಜ ಇಲ್ಲಿಗೇ ಬರ್ತಾನೆ ಅವ್ವಾ, ಈ ಒಲೆಯ ಅನ್ನ ಉಣ್ತಾನೆ, ಇನ್ನು ದೋಣಿಗೆ ಹೋಗುವುದಿಲ್ಲ ಎಂದುಬಿಟ್ಟೆ. ಬಾಯಿ ಮುಚ್ಚುವುದರೊಳಗೆ ಕಾಗೆ ಎಲೆಯ ಮೇಲಿತ್ತು. ನಿನ್ನನ್ನು ಕೇಳದೆ ನಿನ್ನ ಮಾತು ಕೊಟ್ಟೆ, ಮಂಜ. ಅವ್ವ ಅದನ್ನು ನಂಬಿ ಉಂಡು ಹೋದಳು.