ನಾಣ್ಯಾನೇ ಕಣಮ್ಮ

ಮಾರೇನಹಳ್ಳಿ,
ಶನಿವಾರ, 8-11-2025

ಚಿ. ಸೌ. ಬಿಂದುಶ್ರೀಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ಒಂದೇ ಮನೆಯವರಿಗೆ ಕಾಗದವೇಕೆ ಎಂದು ನಗಬೇಡ. ನಾಲ್ಕು ದಿನದಿಂದ ಹೇಳಬೇಕೆಂದುಕೊಂಡೇ ಆಸ್ಪತ್ರೆಗೆ ಬರುತ್ತೇನೆ. ಮಗು ಯಶುವಿನ ಮೂಗಿನ ನಳಿಗೆ, ಪಕ್ಕದಲ್ಲಿ ನಿನ್ನ ಬಾಡಿದ ಮುಖ ಕಂಡು ಹೇಳದೆಯೇ ಹಿಂದಿರುಗುತ್ತೇನೆ. ತಡವಾದದ್ದಕ್ಕೆ ಕ್ಷಮಿಸು.

ಮಂಗಳವಾರ ನೀನು ನಾಗರಬಾವಿಯಿಂದ ಕೆಲಸ ಬಿಟ್ಟು ಓಡಿಬರುವ ಮೊದಲು ನಡೆದದ್ದು ನಿನಗೆ ತಿಳಿಯಬೇಕು. ಹತ್ತೂವರೆಗೆ ಮಗು ಗಂಟಲು ಹಿಡಿದುಕೊಂಡು ಜೊಲ್ಲು ಸುರಿಸತೊಡಗಿತು. ನಾಣ್ಯ ನುಂಗಿದ್ದಾನೆ ಎಂದು ಕೂಗಿದೆ. ಪಕ್ಕದ ಮನೆಯ ನರಸಮ್ಮ ಓಡಿಬಂದು, "ಬಾಳೆಹಣ್ಣು ತಿನ್ಸು ಮುನಿತಾಯಿ, ನಾಳೆ ತಾನಾಗೇ ಬಿದ್ಹೋಗುತ್ತೆ" ಎಂದಳು. ತಿನ್ನಿಸಿದೆ. ಎಲ್ಲ ವಾಂತಿಯಾಯಿತು. ಆಮೇಲೆ ಆಟೊ ಹತ್ತಿ ಅತ್ತಿಗುಪ್ಪೆಯ ಆಸ್ಪತ್ರೆಗೆ ಬಂದೆ.

ಎಕ್ಸ್‌ರೇ ತೆಗೆಯುವ ಹುಡುಗಿ ವಿಜಯಶ್ರೀ ನನಗೆ ಭಾರದ ಏಪ್ರನ್ ತೊಡಿಸಿ, ಮಗುವಿನ ಕೈಗಳನ್ನು ಹಿಡಿಸಿದಳು. ಪರದೆಯ ಮೇಲೆ ಗಂಟಲ ಕೆಳಗೆ ಏನೋ ಬೆಳ್ಳಗೆ, ದುಂಡಗೆ ಕಂಡಿತು. ಡ್ಯೂಟಿ ಡಾಕ್ಟರು ಇಣುಕಿ, "ನಾಣ್ಯ. ಸಂಜೆವರೆಗೂ ನೋಡೋಣ" ಎಂದರು. ಆ ಹುಡುಗಿ ಮಾತ್ರ ಪರದೆಯಿಂದ ಕಣ್ಣು ಕೀಳಲಿಲ್ಲ.

"ಸಾರ್, ಅಂಚಿನ ಒಳಗಡೆ ಇನ್ನೊಂದು ಸುತ್ತು ಕಾಣ್ತಿದೆ. ನಾಣ್ಯಕ್ಕೆ ಹಂಗೆ ಬರಲ್ಲ. ಪಕ್ಕಕ್ಕೆ ಮಲಗಿಸಿ ಇನ್ನೊಂದು ತೆಗೀತೀನಿ." ನನ್ನತ್ತ ತಿರುಗಿದಳು. "ಅಜ್ಜಿ, ನಾಣ್ಯ ಅಂತ ಗ್ಯಾರಂಟಿನಾ? ವಾಚಿಗೆ ಹಾಕೋ ಥರದ ಬಟನ್ ಸೆಲ್ ಆದ್ರೆ ಎರಡು ಗಂಟೇಲಿ ಗಂಟಲು ಸುಟ್ಟು ತೂತು ಬೀಳುತ್ತೆ."

"ನಾಣ್ಯಾನೇ ಕಣಮ್ಮ" ಎಂದೆ.

ಅವಳು ನನ್ನ ಮಾತು ನಂಬದೆ ಇದ್ದದ್ದೇ ಪುಣ್ಯ. ಪಕ್ಕಕ್ಕೆ ಮಲಗಿಸಿ ತೆಗೆದ ಚಿತ್ರದಲ್ಲಿ ಅದರ ಅಂಚು ಮೆಟ್ಟಿಲಿನ ಹಾಗೆ ಕಂಡಿತು. ಸೆಲ್ಲೇ. ಮಗುವನ್ನು ಎತ್ತಿಕೊಂಡು ಆಪರೇಷನ್ ಥಿಯೇಟರಿಗೆ ಓಡಿದರು. ಹೊರಗೆ ತೆಗೆಯುವಷ್ಟರಲ್ಲಿ ಒಳಗೆ ಕಪ್ಪಗೆ ಸುಟ್ಟಿತ್ತಂತೆ.

ಅಷ್ಟರಲ್ಲಿ ನಿನ್ನ ಗಂಡ ಮಧು ಬಂದ. "ಸೆಲ್ ಎಲ್ಲಿಂದ ಬಂತಮ್ಮ?" ಎಂದ. "ಬಿಂದು ತೂಕದ ಮೆಷಿನ್ದೇ ಇರ್ಬೇಕು ಕಣೋ" ಎಂದೆ. ಆಮೇಲೆ ಅವನು ವಾರ್ಡಿನವರೆಲ್ಲರ ಎದುರು, "ನೀನೂ ಒಬ್ಳು ತಾಯಿನಾ?" ಎಂದು ನಿನ್ನ ಮೇಲೆ ಕೂಗಾಡಿದ. ನೀನು ತಲೆ ತಗ್ಗಿಸಿ ಅಳುತ್ತಾ ನಿಂತೆ. ನನ್ನ ನಾಲಗೆ ಎಷ್ಟು ಹರಿತವೆಂದು ನಿನಗೆ ಗೊತ್ತೇ ಇದೆ. ಅವತ್ತು ಅದು ಹೊರಳಲಿಲ್ಲ.

ಸೋಮವಾರ ಏನೋ ಔಷಧಿ ಕುಡಿಸಿ ಮತ್ತೆ ಎಕ್ಸ್‌ರೇ ತೆಗೆಯುತ್ತಾರಂತೆ. ತೂತಿಲ್ಲದಿದ್ದರೆ ಬಾಯಲ್ಲಿ ಹಾಲು ಕೊಡುತ್ತಾರೆ. ಮುನೇಶ್ವರ ಕಾಯಲಿ. ಡಬ್ಬಿಯಲ್ಲಿ ಮುದ್ದೆ, ಬಸ್ಸಾರು ಇದೆ, ಬಿಸಿಯಿರುವಾಗಲೇ ಉಣ್ಣು. ನಿನ್ನ ಮಡಿಲು ತಣ್ಣಗಿರಲಿ.

ನಿನ್ನ ಅತ್ತೆ,
ಮುನಿತಾಯಮ್ಮ

ಮ.ವಿ.: ನಿನ್ನ ಮೆಷಿನ್ನಿನ ಸೆಲ್ ಅದರಲ್ಲೇ ಇದೆ. ಯಶು ನುಂಗಿದ್ದು ದೇವರಮನೆಯ ಸೆಲ್ ದೀಪದ್ದು. "ಮಗು ಇರೋ ಮನೆಗೆ ಬೇಡ ಅತ್ತೆ" ಎಂದು ನೀನು ಹೇಳಿದರೂ ಕಾರ್ತಿಕಕ್ಕೆಂದು ಹಟ ಹಿಡಿದು ತಂದವಳು ನಾನು. ಉರಿಯುತ್ತಿಲ್ಲವೆಂದು ಆ ಬೆಳಿಗ್ಗೆ ಬಿಚ್ಚಿ, ಸೆಲ್ಲನ್ನು ಕುಂಕುಮದ ತಟ್ಟೆಯಲ್ಲಿಟ್ಟಿದ್ದೆ. ನಾಣ್ಯ ಎಂದು ಕೂಗುವ ಮೊದಲೇ ಅದು ಅಲ್ಲಿಲ್ಲದ್ದನ್ನು ನೋಡಿದ್ದೆ. ಸೊಸೆಯ ಮುಂದೆ ಸೋಲಬಾರದೆಂದು ಮೊಮ್ಮಗನ ಗಂಟಲನ್ನು ಪಣಕ್ಕಿಟ್ಟೆ, ಬಿಂದು. ಮಧುವಿಗೆ ಬಾಯಿಬಿಟ್ಟು ಹೇಳಲು ಧೈರ್ಯ ಬರಲಿಲ್ಲ. ಡಬ್ಬಿ ತರುವವನು ಅವನೇ. ಕವರ್ ಅಂಟಿಸಿಲ್ಲ. ಮೇಲೆ ಅವನ ಹೆಸರನ್ನೇ ಬರೆದಿದ್ದೇನೆ, ಮೊದಲು ಅವನು ಓದಲಿ.